ಕದ್ವಾಡದ ಒಣಮೀನು ಮತ್ತು ನನ್ನ ಕೆಂಪು ಕಾರಿನ ಕ್ಲಚ್ಚು

ನನ್ನ ದೇಹದಲ್ಲಿ ನಂಬಬಹುದಾದ ಅಂಗ ಯಾವುದಾದರೂ ಇದ್ದರೆ ಅದು ಮೂಗು. ಕಣ್ಣಿಗೆ ಚಷ್ಮಾ ಬಂದಿದೆ. ಮಳೆಗಾಲ ಬಂತೆಂದರೆ ಮೊಣಕಾಲು ಹಟ ಹಿಡಿಯುತ್ತದೆ. ಕಿವಿ ಹೆಂಡತಿ ಕರೆದಾಗ ಮಾತ್ರ ಕೇಳುವುದಿಲ್ಲ. ಮೂಗು ಮಾತ್ರ ಇಲ್ಲಿಯವರೆಗೆ ಕರ್ತವ್ಯಲೋಪ ಮಾಡಿದ್ದಿಲ್ಲ. ಅಂಕೋಲೆ ಪೇಟೆಯಲ್ಲಿ ನಿಂತು ಇವತ್ತು ಯಾರ ಮನೆಯಲ್ಲಿ ಬಂಗಡೆ, ಯಾರ ಮನೆಯಲ್ಲಿ ತಾರ್ಲೆ ಮೀನು ಎಂದು ಹೇಳಬಲ್ಲೆ ಅಂತ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡವನು ನಾನು. ಆ ಮೂಗನ್ನು ನಂಬಿ ಒಂದು ಕಾರು, ಒಂದು ಸಂಸಾರ ಮತ್ತು ಇಡೀ ಮಳೆಗಾಲಕ್ಕಾಗುವಷ್ಟು ಮೀನು, ಈ ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುವ ಹಂತಕ್ಕೆ ಬಂದದ್ದನ್ನು ಈಗ ಹೇಳುತ್ತೇನೆ.

ನಾನು ಡ್ರಾಯಿಂಗ್ ಮಾಸ್ತರ. ಮನೆ ಶೆಟಗೇರಿಯಲ್ಲಿ. ಹುಡುಗನಾಗಿದ್ದಾಗಿನಿಂದ ಪಟ್ಟಿ ಪುಸ್ತಕದ ಹಿಂದಿನ ಪುಟದಲ್ಲಿ ಸ್ಪೋರ್ಟ್ಸ್ ಕಾರು ಬಿಡಿಸುತ್ತ ಬಂದವನು, ಕೊನೆಗೆ ಹೋದ ವರ್ಷ ನಿಜವಾದದ್ದನ್ನೇ ತಂದುಬಿಟ್ಟೆ. ಗೋವಾದ ಒಬ್ಬ ಮುದುಕರು ಮಾರಿದ್ದು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ಹಳೆಯದು ನಿಜ, ಆದರೆ ಏನು ಗತ್ತು! ಒಳಗೆ ಕೂರಬೇಕೆಂದರೆ ಮೊದಲು ತಲೆ, ಆಮೇಲೆ ಸೊಂಟ, ಕೊನೆಗೆ ಮರ್ಯಾದೆ ಬಗ್ಗಿಸಬೇಕು. ಅಷ್ಟು ತಗ್ಗು.

ಕಾರು ಅಂಗಳಕ್ಕೆ ಬಂದ ದಿನ ಪಕ್ಕದ ಮನೆಯ ಗಣಪಣ್ಣ ಬೇಲಿ ಹತ್ತಿರ ನಿಂತು ಬಹಳ ಹೊತ್ತು ನೋಡಿದರು.

"ಮಾಸ್ತರೆ, ಚಂದ ಅದೆ. ಉಳಿದ ಅರ್ಧ ಯಾವಾಗ ಬತ್ತದೆ?"

ನನ್ನ ಹೆಂಡತಿ ಸುಲಕ್ಷಾ ಬಾಗಿಲಲ್ಲಿ ನಿಂತು ನಕ್ಕದ್ದು ನನಗೆ ಕೇಳಿಸಿತು. ಹಾಗೆಂದು ಅವಳು ಕಾರಿನಲ್ಲಿ ಕೂರಲಿಲ್ಲವೆಂದಲ್ಲ. ಕೂತಳು. ಕಾರವಾರದ ರಸ್ತೆಯಲ್ಲಿ ಜನ ತಿರುಗಿ ನೋಡಿದಾಗ ಸೆರಗನ್ನೂ ಸರಿ ಮಾಡಿಕೊಂಡಳು. ಎಲ್ಲ ಸುಖವಾಗಿತ್ತು, ಅತ್ತೆಯ ಮೀನು ಬರುವವರೆಗೆ.

ಸುಲಕ್ಷಾಳ ತವರು ಕದ್ವಾಡ. ಮಳೆ ಬಿದ್ದ ಮೇಲೆ ದೋಣಿ ಕಡಲಿಗಿಳಿಯುವುದಿಲ್ಲವಲ್ಲ, ಆ ದಿನಗಳಿಗೆಂದು ನಮ್ಮತ್ತೆ ಪ್ರತಿ ವರ್ಷ ಬೇಸಿಗೆಯಲ್ಲಿ ತಾವೇ ನಿಂತು ಮೀನು ಒಣಗಿಸಿ ಹೆಣ್ಣುಮಕ್ಕಳ ಮನೆಗೆ ಪೊಟ್ಟಣ ಕಟ್ಟುತ್ತಾರೆ. ಉಪ್ಪು ಹಾಕಿದ ಬಂಗಡೆ, ಸೊರ ಮೀನು, ಒಣ ಶೆಟ್ಲಿ ಎಂದರೆ ಒಣಸಿಗಡಿ. ಆ ಒಣ ಶೆಟ್ಲಿಯನ್ನು ಕೆಂಡದ ಮೇಲೆ ಬಾಡಿಸಿ, ಕಾಯಿ, ಮೆಣಸು, ಹುಳಿ ಹಾಕಿ ಮಾಡುವ ಚಟ್ನಿ ಇದೆಯಲ್ಲ, ಅದಿಲ್ಲದೆ ನನಗೆ ಆಷಾಢದ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದೆಲ್ಲ ಆ ಚಟ್ನಿಗಾಗಿ.

ಮೇ ಕೊನೆಯಲ್ಲಿ ಪೊಟ್ಟಣವನ್ನು ಡಿಕ್ಕಿಯಲ್ಲಿಟ್ಟುಕೊಂಡು ಕದ್ವಾಡದಿಂದ ಹೊರಟೆವು. ಬಿಣಗಾದ ಏರಿನಲ್ಲಿ ಒಂದು ವಾಸನೆ ಬಂತು. ಸುಟ್ಟ ವಾಸನೆ, ಘಾಟು, ಮೂಗಿನ ಒಳಗೆ ಹೋಗಿ ಕೂತುಬಿಡುವಂಥದು. ನನ್ನ ಮೂಗು ತಕ್ಷಣ ತೀರ್ಪು ಕೊಟ್ಟಿತು.

"ನಿಮ್ಮ ಆಯಿ ಮೀನು ಸರಿಯಾಗಿ ಒಣಗಿಸಲಿಲ್ಲ ಕಾಣ್ತದೆ," ಎಂದೆ.

"ಮೀನಿನ ವಾಸನೆ ಅಲ್ಲ ಇದು."

"ಮತ್ತೆಂತದು? ಡಿಕ್ಕಿಯಲ್ಲಿ ಮಲ್ಲಿಗೆ ಇಟ್ಟಿದ್ದೇವಾ?"

"ನಾನು ಮೀನಿನ ನಡುವೆ ಹುಟ್ಟಿದವಳು. ಮೀನಿನ ವಾಸನೆ ನನಗೆ ಹೇಳಿಕೊಡೂಕೆ ಬರಬೇಡಿ. ನಿಮ್ಮ ಕಾರಿಗೇ ಎಂತದೋ ಆಗ್ಯದೆ."

ನನ್ನ ಕಾರಿಗೆ! ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ನಿಮ್ಮ ಆಯಿಯ ಮೀನಿಗೆ ಸತ್ತ ಮೇಲೂ ಸಮಾಧಾನ ಇಲ್ಲ ನೋಡು," ಎಂದುಬಿಟ್ಟೆ. ಎಷ್ಟು ಒಳ್ಳೆಯ ಮಾತು ಹೊಳೆಯಿತಲ್ಲ ಎಂದು ಅವರ್ಸಾ ದಾಟುವವರೆಗೆ ಒಬ್ಬನೇ ನಗುತ್ತಲೂ ಇದ್ದೆ.

ಮನೆಗೆ ಬಂದವಳೇ ಸುಲಕ್ಷಾ ಪೊಟ್ಟಣ ಇಳಿಸಿದಳು. ಮಾರನೇ ದಿನ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ, ಕದ್ವಾಡಕ್ಕೆ ಹೋಗಿ, ತಾಯಿಯ ಕೈಗೇ ವಾಪಸು ಕೊಟ್ಟು ಬಂದಳು. ಜೊತೆಗೆ ನನ್ನ ಒಳ್ಳೆಯ ಮಾತನ್ನೂ ಒಂದಕ್ಷರ ಬಿಡದೆ ಮುಟ್ಟಿಸಿದ್ದಳು.

"ಆಯಿ ಎಂತ ಹೇಳಿದ್ರು?" ಎಂದು ಸಂಜೆ ಹೆದರಿಕೊಂಡೇ ಕೇಳಿದೆ.

"ಜಾಂವಯ್ ನಮ್ಮ ಮನೆಗೆ ಬಂದು, ಎದುರಿಗೆ ನಿಂತು, ವಾಸನೆ ಮೀನಿನದಲ್ಲ ಅಂತ ಹೇಳೂವರೆಗೆ ಒಂದು ಶೆಟ್ಲಿ ಬಾಲವೂ ಶೆಟಗೇರಿಗೆ ಬರೂದಿಲ್ಲ ಅಂದ್ಳು. ನಾನೂ ಹೇಳ್ತೆ ಕೇಳಿ, ಅಲ್ಲಿವರೆಗೆ ಆ ಕೆಂಪು ಡಬ್ಬಿಗೆ ನಾನು ಕಾಲಿಡೂದಿಲ್ಲ."

ಜಾಂವಯ್ ಎಂದರೆ ಅಳಿಯ, ಅಂದರೆ ನಾನು. ನಾನೂ ಹಟಮಾರಿಯೇ. ವಾಸನೆಯನ್ನು ಕಾರಿನಿಂದ ಓಡಿಸಿ, ಅದು ಮೀನಿನದೇ ಆಗಿತ್ತು ಎಂದು ಸಾಬೀತು ಮಾಡುವ ಪಣ ತೊಟ್ಟೆ. ಡಿಕ್ಕಿಯನ್ನು ಹುಣಸೆಹುಳಿಯಿಂದ ತಿಕ್ಕಿದೆ. ಲಿಂಬೆಹಣ್ಣು ಹಚ್ಚಿದೆ. ಧೂಪ ಹಾಕಿದೆ. ಗಣಪಣ್ಣ ಬೇಲಿಯಾಚೆಯಿಂದ, "ಮಾಸ್ತರೆ, ಪೂಜೆ ಯಾವ ದೇವರದು?" ಎಂದು ಕೇಳಿದರು. ಕಾರು ನಿಂತಲ್ಲಿ ಒಳ್ಳೆ ಸುವಾಸನೆ ಬೀರುತ್ತಿತ್ತು. ಏರು ಹತ್ತಿಸಿದರೆ ಸಾಕು, ಮತ್ತೆ ಅದೇ ಘಾಟು!

ಈ ನಡುವೆ ಕಾರು ಬೇರೆ ಕೆಲವು ಸೂಚನೆಗಳನ್ನೂ ಕೊಡುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗಿಕೊಳ್ಳುತ್ತಿತ್ತು, ಕಾರು ಮಾತ್ರ ಮೊದಲಿನ ವೇಗದಲ್ಲೇ ಹೋಗುತ್ತಿತ್ತು. ಸ್ಪೋರ್ಟ್ಸ್ ಕಾರು, ಕೂಗಬೇಕು ಎಂದುಕೊಂಡೆ. ಕ್ಲಚ್ಚಿನ ಪೆಡಲು ಪೂರ್ತಿ ಮೇಲೆ ಬಂದ ಮೇಲೇ ಕಾರು ಕದಲುತ್ತಿತ್ತು. ದೊಡ್ಡ ಜಾತಿಯ ಕಾರು, ಅವಸರ ಮಾಡುವುದಿಲ್ಲ ಎಂದುಕೊಂಡೆ. ಒಂದು ದಿನ ತೆಂಗಿನಕಾಯಿ ತುಂಬಿದ ಟೆಂಪೊ ನನ್ನನ್ನು ಏರಿನಲ್ಲಿ ಹಿಂದೆ ಹಾಕಿತು. ಅದರ ಡ್ರೈವರ್ ಕೈಬೀಸಿದ. ನಾನೂ ದೊಡ್ಡ ಮನಸ್ಸಿನಿಂದ ಕೈಬೀಸಿದೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ಸುಂಕಸಾಳ ದಾಟಿ ಘಟ್ಟ ಹತ್ತಿಸಿದರೆ, ಆ ಮೇಲಿನ ಗಾಳಿಗೆ ಯಾವ ಮೀನಿನ ವಾಸನೆ ನಿಂತೀತು? ರಜೆಯ ದಿನ ನೋಡಿ, ಗಾಜು ಇಳಿಸಿ, ಡಿಕ್ಕಿಯನ್ನು ಹಗ್ಗದಿಂದ ಅರ್ಧ ತೆರೆದು ಕಟ್ಟಿ ಹೊರಟೆ. ಸುಂಕಸಾಳದವರೆಗೆ ರಾಜಗಾಂಭೀರ್ಯ. ಏರು ಶುರುವಾದ ಕೂಡಲೇ ಇಂಜಿನ್ ಚೀರತೊಡಗಿತು. ನಾನು ಇನ್ನೂ ಒತ್ತಿದೆ, ಅದು ಇನ್ನೂ ಚೀರಿತು. ಕಾರು ನಿಂತುಹೋಯಿತು. ಇಂಜಿನ್ ಓಡುತ್ತಲೇ ಇತ್ತು, ಚಕ್ರಕ್ಕೆ ಮಾತ್ರ ಅದರ ಸಂಬಂಧವೇ ಇರಲಿಲ್ಲ. ಕೆಳಗಿನಿಂದ ಹೊಗೆ ಎದ್ದಿತು. ಹೊಗೆಯ ಜೊತೆ ಅದೇ ವಾಸನೆ, ಈ ಸಲ ಹತ್ತು ಪಟ್ಟು!

ಅಂಕೋಲೆಯ ಗ್ಯಾರೇಜಿನ ಬೊಮ್ಮಯ್ಯನಿಗೆ ಫೋನು ಮಾಡಿದೆ. ಬೊಮ್ಮಯ್ಯನ ಗಂಟಲು ಅವನ ಗ್ಯಾರೇಜಿಗಿಂತ ದೊಡ್ಡದು. ಜಿಲ್ಲೆಯಲ್ಲಿ ತಾನು ಬಿಚ್ಚದ ಗಾಡಿ ಇಲ್ಲ ಎನ್ನುತ್ತಾನೆ. ಬಿಚ್ಚಿದ್ದನ್ನೆಲ್ಲ ಜೋಡಿಸಿದ್ದೇನೆ ಎಂದು ಮಾತ್ರ ಹೇಳುವುದಿಲ್ಲ. ಜೀಪು ತಂದವನು ಇಳಿಯುತ್ತಲೇ ಮೂಗರಳಿಸಿದ.

"ಬಂಗಡೆ ಸುಟ್ರ ಮಾಸ್ತರೆ? ಒಬ್ಬರೇ?"

"ನೋಡು! ನೀನೇ ಹೇಳಿದೆ!" ನನಗೆ ಎಷ್ಟು ಖುಷಿಯಾಯಿತೆಂದರೆ ಅವನ ಕೈ ಕುಲುಕಿದೆ. "ಮೀನಿನ ವಾಸನೆಯೇ ಹೌದಲ್ಲ? ಇದನ್ನೇ ನನ್ನ ಹೆಂಡತಿ ಎದುರು ಹೇಳ್ತೀಯಾ?"

"ಹೇಳ್ವಾ. ಮೀನು ಎಲ್ಲದೆ, ತೋರ್ಸಿ."

ಡಿಕ್ಕಿ ತೆರೆದೆ. ಡಿಕ್ಕಿ ಖಾಲಿ. ಮೀನು ಕದ್ವಾಡಕ್ಕೆ ವಾಪಸು ಹೋಗಿ ಎಷ್ಟೋ ದಿನವಾಗಿತ್ತು. ನನ್ನ ಮೂಗು ಆವತ್ತಿನಿಂದ ಇವತ್ತಿನವರೆಗೆ ಇಲ್ಲದ ಮೀನನ್ನು ಮೂಸುತ್ತಿತ್ತು!

ಬೊಮ್ಮಯ್ಯ ತಲೆ ಕೆರೆದುಕೊಂಡು ನನ್ನನ್ನು ಒಳಗೆ ಕೂರಿಸಿದ. "ಕೈಬ್ರೇಕ್ ಎಳೀರಿ. ಮೂರನೇ ಗೇರ್ ಹಾಕಿ. ಈಗ ಕ್ಲಚ್ ಬಿಡಿ. ಇಂಜಿನ್ ಬಂದ್ ಆಗ್ಬೇಕು."

ಬಿಟ್ಟೆ. ಇಂಜಿನ್ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು.

"ಮುಗೀತು. ಕ್ಲಚ್ ಪ್ಲೇಟ್ ಸವೆದು ಹೋಗ್ಯದೆ. ಹಿಡಿಯೂದಿಲ್ಲ, ಬರೇ ಜಾರ್ತದೆ. ಜಾರಿ ಜಾರಿ ಸುಡ್ತದೆ. ಅದರ ವಾಸನೆ ಇದು. ಇಷ್ಟು ದಿನ ಗೊತ್ತಾಗಲಿಲ್ಲ ಅಂದ್ರೆ ಹೆಂಗ್ರಾ?"

ಕಾರು ಕೆಟ್ಟದ್ದಕ್ಕಿಂತ, ಸುಲಕ್ಷಾ ಹೇಳಿದ್ದೇ ಸರಿಯಾದದ್ದು ನನ್ನನ್ನು ಹೆಚ್ಚು ಹೆದರಿಸಿತು. ಬೊಮ್ಮಯ್ಯ ಹಗ್ಗ ಕಟ್ಟಿ ಎಳೆದುಕೊಂಡು ಅಂಕೋಲೆಗೆ ತಂದ. ಪೇಟೆಯ ನಡುವೆ ಹೋಗುವಾಗ ನನ್ನ ಶಾಲೆಯ ಮಕ್ಕಳು ಸಾಲಾಗಿ ನಿಂತು ನಮಸ್ಕಾರ ಮಾಡಿದರು. ಸ್ಟೇರಿಂಗ್ ಬಿಡುವ ಹಾಗಿಲ್ಲ, ತಲೆಯಲ್ಲೇ ಆಶೀರ್ವಾದ ಮಾಡಿದೆ.

ಮನೆಯಲ್ಲಿ ವಿಷಯ ಹೇಳಿದಾಗ ಸುಲಕ್ಷಾ ಜಗಳ ಮಾಡಲಿಲ್ಲ. ನೆಲ ಒರೆಸುತ್ತಲೇ, "ಹೌದ್ರಾ?" ಎಂದಳು. ಅದು ಜಗಳಕ್ಕಿಂತ ಜಾಸ್ತಿ ಚುಚ್ಚಿತು. ಆಮೇಲೆ ಎದ್ದು ನಿಂತು ನಿಜವಾದ ಸುದ್ದಿ ಹೇಳಿದಳು.

"ಆಯಿ ಫೋನು ಮಾಡಿದ್ಳು. ಬರೂ ರವಿವಾರ ಸಂಜೆ ಸದಾಶಿವಗಡದ ಭಾವ ಬತ್ತರಂತೆ. ನಮ್ಮ ಪೊಟ್ಟಣ ಅವರಿಗೇ ಕೊಡ್ತಳಂತೆ."

ಸದಾಶಿವಗಡದ ಭಾವ ಎಂದರೆ ದೊಡ್ಡಳಿಯ. ಅವರಿಗೆ ಅವರ ಪಾಲಿನ ಪೊಟ್ಟಣ ಆಗಲೇ ಸಂದಿತ್ತು. ಈಗ ನನ್ನದೂ! ಹೊರಗೆ ಮೋಡ ಕಟ್ಟಿತ್ತು. ಪೇಟೆಯಲ್ಲಿ ಮೀನಿನ ಬುಟ್ಟಿಗಳು ಖಾಲಿಯಾಗುತ್ತ ಬಂದಿದ್ದವು. ಇಡೀ ಮಳೆಗಾಲ ಇಲ್ಲಿ ನಾನು ಬೇಳೆಸಾರು ಉಣ್ಣುವುದನ್ನೂ, ಅಲ್ಲಿ ಅವರು ನನ್ನ ಶೆಟ್ಲಿ ಚಟ್ನಿ ನೆಕ್ಕುವುದನ್ನೂ ಕಲ್ಪಿಸಿಕೊಂಡೆ. ಸಾಧ್ಯವೇ ಇಲ್ಲ. ರವಿವಾರದೊಳಗೆ ಕ್ಲಚ್ಚು ಬದಲಾಗಬೇಕು, ಸುಲಕ್ಷಾ ಅದೇ ಕಾರಿನಲ್ಲಿ ಕೂರಬೇಕು, ಭಾವ ಬರುವ ಮೊದಲು ಕದ್ವಾಡ ಮುಟ್ಟಬೇಕು.

"ಬಸ್ಸಿಗೆ ಹೋಗಿ ತಪ್ಪಾಯ್ತು ಅಂದ್ರೆ ಆಗೂದಿಲ್ವ?" ಎಂದಳು.

"ಕಾರಿನಲ್ಲಿ ಆಡಿದ ಮಾತು. ಕಾರಿನಲ್ಲೇ ಹೋಗಿ ವಾಪಸು ತಗೊಳ್ತೆ," ಎಂದೆ. ಅವಳಿಗೆ ಇದು ಸ್ವಲ್ಪ ಹಿಡಿಸಿತು ಎಂದು ಕಾಣುತ್ತದೆ.

ಬೊಮ್ಮಯ್ಯ ಗೇರ್‌ಬಾಕ್ಸ್ ಇಳಿಸಿ ಹಳೆಯ ಪ್ಲೇಟನ್ನು ತೆಗೆದು ಕೈಯಲ್ಲಿಟ್ಟ. ತಟ್ಟೆಯಷ್ಟು ದೊಡ್ಡ ಚಕ್ರ, ಎರಡೂ ಬದಿಯ ಪಟ್ಟಿ ಸವೆದು ಕೆಳಗಿನ ಮೊಳೆಗಳು ಇಣುಕುತ್ತಿದ್ದವು. ಇಷ್ಟು ಹಳೆಯ ಕಾರಿಗೆ ಹೊಸದು ಇಲ್ಲಿ ಸಿಗುವುದಿಲ್ಲ, ಹುಬ್ಬಳ್ಳಿಯ ಅಂಗಡಿಗೆ ಇದರ ಚಿತ್ರ ಕಳಿಸಬೇಕು ಎಂದ. ಚಿತ್ರ! ಡ್ರಾಯಿಂಗ್ ಮಾಸ್ತರನ ಎದುರು! ಪೆನ್ಸಿಲ್ ತೆಗೆದು, ಓರೆಯಾಗಿ ಇಟ್ಟು, ಬೆಳಕು ನೆರಳು ಸಮೇತ ಬಿಡಿಸಿ ಮೊಬೈಲಿನಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಂಗಡಿಯವರ ಫೋನು ಬಂತು.

"ಸರ್, ನಿಮ್ಮ ಪ್ಲೇಟು ಗುಂಡಗೈತೋ, ತತ್ತಿ ಆಕಾರದಾಗ ಐತೋ?"

ಬೊಮ್ಮಯ್ಯ ನನ್ನ ಕೈಯಿಂದ ಫೋನು ಕಿತ್ತುಕೊಂಡು, ಪ್ಲೇಟನ್ನು ನೆಲಕ್ಕಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ಹೊಡೆದ. ಹೊಸ ಪ್ಲೇಟು ಮರುದಿನ ಸಂಜೆಯ ಬಸ್ಸಿನಲ್ಲಿ ಬಂತು. ಗ್ಯಾರೇಜು ಆಗಲೇ ಮುಚ್ಚಿತ್ತು. ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ಬಿಡಿಸಿಕೊಂಡು ಮನೆಗೆ ತಂದೆ.

ಅಲ್ಲಿಯವರೆಗೆ ನಡೆದದ್ದು ಬರೀ ತಪ್ಪು. ಇನ್ನು ಮುಂದಿನದು ಸಾಧನೆ.

ಆ ಸಂಜೆಯೇ ಮೊದಲ ಮಳೆ ಬಿತ್ತು. ಕಡಲ ಗಾಳಿಯ ಊರು ನಮ್ಮದು. ಮಳೆ ಬಂತೆಂದರೆ ಕಬ್ಬಿಣವೆಂಬುದು ಕಣ್ಣೆದುರೇ ಕೆಂಪಾಗುತ್ತದೆ. ಅದಕ್ಕೇ ನಮ್ಮಲ್ಲಿ ಮೊದಲ ಮಳೆಗೆ ಕತ್ತಿ, ಕೊಡಲಿ, ಬಾಗಿಲ ತಿರುಗಣಿ ಎಲ್ಲಕ್ಕೂ ತೆಂಗಿನೆಣ್ಣೆ ಸವರಿ ಇಡುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ನಾನು ಕತ್ತಿಗೆ ಸವರಿದೆ. ಕೊಡಲಿಗೆ ಸವರಿದೆ. ಪಕ್ಕದಲ್ಲೇ ಹೊಚ್ಚಹೊಸ ಕ್ಲಚ್ ಪ್ಲೇಟು ಇತ್ತು. ಅದೊಂದೇ ಏನು ಪಾಪ ಮಾಡಿತ್ತು? ಎರಡೂ ಬದಿಗೆ, ಮೂಲೆಮೂಲೆಗೆ, ಮಗುವಿಗೆ ಎಣ್ಣೆ ಹಚ್ಚುವಷ್ಟು ಪ್ರೀತಿಯಿಂದ ಸವರಿದೆ. ಅದು ಗಟಗಟನೆ ಕುಡಿಯಿತು. ಬಾಯಾರಿದೆ ಎಂದುಕೊಂಡು ಇನ್ನೊಂದು ಸುತ್ತು ಹಾಕಿದೆ.

ಬೆಳಿಗ್ಗೆ ಬೊಮ್ಮಯ್ಯ ಪ್ಲೇಟನ್ನು ಕೈಗೆ ತೆಗೆದುಕೊಂಡ. ಅದು ಅವನ ಕೈಯಿಂದ ಜಾರಿ ಬಿತ್ತು. ಅವನು ಬಗ್ಗಿ ಮೂಸಿ ನೋಡಿದ.

"ಮಾಸ್ತರೆ, ಇದಕ್ಕೆ ಎಂತ ಹಚ್ಚಿದ್ರಿ?"

"ಎಣ್ಣೆ. ತುಕ್ಕು ಹಿಡೀಬಾರದಲ್ಲ!" ಎಂದೆ, ಹೊಗಳಿಕೆಗೆ ಕಾಯುತ್ತ.

ಬೊಮ್ಮಯ್ಯ ಹೊಗಳಲಿಲ್ಲ. ಅವನು ಕೂಗಿದ ಕೂಗಿಗೆ ಎದುರಿನ ಚಹದಂಗಡಿಯಿಂದ ಜನ ಎದ್ದು ಬಂದರು. "ಇದು ಹಿಡೀಬೇಕಾದ ಸಾಮಾನು ಮಾರಾಯ್ರೆ! ಒಣಗಿರ್ಬೇಕು! ಎಣ್ಣೆ ಕುಡಿದದ್ದು ಎಂತಾ ಹಿಡೀತದೆ? ಹಳೇದಾದ್ರೂ ಸ್ವಲ್ಪ ಹಿಡೀತಿತ್ತು. ಇದನ್ನ ಹಾಕಿದ್ರೆ ನೀವು ನಿಮ್ಮ ಅಂಗಳದಿಂದಲೂ ಹೊರಗೆ ಬರೂದಿಲ್ಲ!"

ಮನೆಗೆ ಬಂದು ಹೇಳಿದಾಗ ಸುಲಕ್ಷಾ ಎಷ್ಟೋ ದಿನಗಳ ನಂತರ ಮೊದಲ ಬಾರಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ತೆಂಗಿನೆಣ್ಣೆ ಅಲ್ರಾ? ಆ ತಟ್ಟೆ ಇಲ್ಲೇ ತಂದಿದ್ರೆ ನಾಲ್ಕು ತಾರ್ಲೆ ಹುರೀತಿದ್ದೆ." ತಾರ್ಲೆ ಎಂದ ಕೂಡಲೇ ನನಗೆ ರವಿವಾರ ನೆನಪಾಯಿತು. ಮತ್ತೆ ಹುಬ್ಬಳ್ಳಿಗೆ ಫೋನು. ಈ ಸಲ ಪ್ಲೇಟು ಬಸ್ಸಿನಿಂದ ನೇರವಾಗಿ ಬೊಮ್ಮಯ್ಯನ ಕೈಗೆ ಹೋಯಿತು. ನಾನು ಅದನ್ನು ದೂರದಿಂದ ನೋಡಬಹುದೆಂದೂ, ಮುಟ್ಟಬಾರದೆಂದೂ ಅವನು ಆಜ್ಞೆ ಹೊರಡಿಸಿದ. ಶನಿವಾರ ಕತ್ತಲಾಗುವುದರೊಳಗೆ ಕೆಲಸ ಮುಗಿಯಿತು.

ರವಿವಾರ ಮಳೆ ಹೊಯ್ಯುತ್ತಿತ್ತು. ಸುಲಕ್ಷಾ ಕಾರಿನ ಬಾಗಿಲು ತೆರೆದು, ಒಳಗೆ ತಲೆ ಹಾಕಿ ದೀರ್ಘವಾಗಿ ಉಸಿರೆಳೆದುಕೊಂಡಳು. ಪರೀಕ್ಷೆಯಲ್ಲಿ ಕಾರು ಪಾಸಾಯಿತು. ಕೂತಳು. ಕಾರು ಹೇಗೆ ಓಡಿತೆಂದು ಏನು ಹೇಳಲಿ! ಪೆಡಲು ಸ್ವಲ್ಪ ಬಿಟ್ಟರೆ ಸಾಕು, ಹಿಡಿದೆಳೆಯುತ್ತಿತ್ತು. ಬಿಣಗಾದ ಏರನ್ನು ಉಸಿರು ಬಿಡುವುದರೊಳಗೆ ಹತ್ತಿತು. ಘಾಟಿಲ್ಲ, ಕೂಗಿಲ್ಲ. "ಅಡ್ಡಿ ಇಲ್ಲ," ಎಂದಳು ಸುಲಕ್ಷಾ. ನನಗೆ ರಾಜ್ಯಪ್ರಶಸ್ತಿ ಬಂದಷ್ಟು ಸಂತೋಷವಾಯಿತು.

ಕದ್ವಾಡದಲ್ಲಿ ಅತ್ತೆ ಜಗುಲಿಯಲ್ಲೇ ಕೂತಿದ್ದರು. ಪೊಟ್ಟಣ ಪಕ್ಕದಲ್ಲಿತ್ತು. ಭಾವ ಇನ್ನೂ ಬಂದಿರಲಿಲ್ಲ. ನಾನು ಕಾಲು ತೊಳೆದವನೇ ಎದುರು ನಿಂತೆ.

"ಅತ್ತೆ, ಅವತ್ತಿನ ವಾಸನೆ ನಿಮ್ಮ ಮೀನಿನದಲ್ಲ. ನನ್ನ ಕ್ಲಚ್ಚಿನದು. ತಪ್ಪಾಯಿತು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜಾಂವಯಬಾಬ, ಇನ್ನೊಂದು ದಿನ ವಾಸನೆ ಬಂದ್ರೆ?"

ಇಲ್ಲಿ ನಾನು ನಿಲ್ಲಿಸಬಹುದಿತ್ತು. ಆದರೆ ಪೊಟ್ಟಣ ಕಣ್ಣೆದುರಿತ್ತು. ಬಾಯಲ್ಲಿ ನೀರಿತ್ತು. "ಇನ್ನು ಮೇಲೆ ನನ್ನ ಕಾರಿನಲ್ಲಿ ಯಾವ ವಾಸನೆ ಬಂದರೂ ಅದು ನಿಮ್ಮ ಮೀನಿನದಲ್ಲ ಅತ್ತೆ! ನಿಮ್ಮ ಮೇಲಾಣೆ!" ಎಂದೆ. ಅತ್ತೆಯ ಮುಖ ಅರಳಿತು. ಪೊಟ್ಟಣದ ಜೊತೆಗೆ ಇನ್ನಷ್ಟು ಶೆಟ್ಲಿ ಸೇರಿಸಿ ಕೊಟ್ಟರು. ಊಟ ಮಾಡಿಸಿಯೇ ಕಳಿಸಿದರು.

ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಸವೆಯುವುದು ಕ್ಲಚ್ಚೊಂದೇ ಅಲ್ಲ, ಡಿಕ್ಕಿಯ ಸುತ್ತಲಿನ ರಬ್ಬರೂ ಸವೆಯುತ್ತದೆ. ಅದರಲ್ಲೂ ಹಗ್ಗ ಕಟ್ಟಿ ಘಟ್ಟಕ್ಕೆ ಒಯ್ದರೆ ಕಿತ್ತೇ ಬರುತ್ತದೆ. ಇದು ನಮಗೆ ಅಮದಳ್ಳಿ ದಾಟುವಾಗ ತಿಳಿಯಿತು. ಒಣಮೀನಿಗೆ ಮಳೆನೀರು ಬಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮೂರ ಕಡೆಯವರಿಗೆ ವಿವರಿಸಬೇಕಾಗಿಲ್ಲ. ವಾಸನೆ ಮೊದಲು ಹಿಂದಿನಿಂದ ಬಂತು. ಆಮೇಲೆ ಎಲ್ಲ ಕಡೆಯಿಂದಲೂ ಬಂತು.

ನಾನು ಸುಲಕ್ಷಾಳ ಮುಖ ನೋಡಿದೆ. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ಎಂತಾದರೂ ವಾಸನೆ ಬತ್ತದೆಯಾ?" ಎಂದೆ.

"ಇಲ್ಲಪ್ಪ. ನಿಮಗೆ?"

"ಎಂತದೂ ಇಲ್ಲ."

ಆ ಹೊಯ್ಯುವ ಮಳೆಯಲ್ಲಿ ಎರಡೂ ಗಾಜು ಇಳಿಸಿ, ತೊಯ್ದು ತೊಪ್ಪೆಯಾಗಿ ಶೆಟಗೇರಿ ಮುಟ್ಟಿದೆವು. ಪೊಟ್ಟಣವನ್ನು ಒಲೆಯ ಮೇಲೆ ಹರಡಿ ಒಣಗಿಸಿ ಮೀನನ್ನೇನೋ ಉಳಿಸಿಕೊಂಡೆವು. ಆದರೆ ಅದರ ನೀರು ಡಿಕ್ಕಿಯ ನೆಲಹಾಸಿನೊಳಗೆ ಇಳಿದು ಅಲ್ಲಿಯೇ ಮನೆ ಮಾಡಿತು.

ಮಾರನೇ ದಿನ ಗಣಪಣ್ಣ ಬೇಲಿ ಹತ್ತಿರ ನಿಂತು ಮೂಗು ಮುಚ್ಚಿಕೊಂಡರು. "ಮೀನು ತಂದ್ರ ಮಾಸ್ತರೆ?"

ಆಣೆ ಆಣೆಯೇ. "ಇಲ್ಲ ಗಣಪಣ್ಣ, ಅದು ಕ್ಲಚ್ಚು," ಎಂದೆ. ಸ್ಟಾಫ್ ರೂಮಿನಲ್ಲಿ ಕೇಳಿದವರಿಗೂ ಕ್ಲಚ್ಚು ಎಂದೆ. ಪೇಟೆಯಲ್ಲಿ ಕೇಳಿದವರಿಗೂ ಕ್ಲಚ್ಚು. ಅಂಕೋಲೆ ದೊಡ್ಡ ಊರೇನಲ್ಲ. ಸುದ್ದಿ ಗ್ಯಾರೇಜಿಗೆ ಮುಟ್ಟಿತು. ಅದೇ ವಾರ ಬೊಮ್ಮಯ್ಯ ಜೀಪನ್ನು ನಮ್ಮ ಅಂಗಳಕ್ಕೇ ನುಗ್ಗಿಸಿದ.

"ನಾ ಹಾಕಿದ ಕ್ಲಚ್ ನಾತ ಹೊಡೀತದೆ ಅಂತ ಊರೆಲ್ಲ ಹೇಳ್ತಾ ಇದ್ರಂತೆ! ಎಲ್ಲದೆ ನಾತ? ತೋರ್ಸಿ!" ಎಂದು ಡಿಕ್ಕಿ ಎತ್ತಿದ. ಎತ್ತಿದವನು ಹಿಂದೆ ಹಾರಿದ. "ಇದು ಮೀನು!"

ಸುಲಕ್ಷಾ ಫೋನು ಹಿಡಿದು ಬಾಗಿಲಿಗೆ ಬಂದಳು. ಸ್ಪೀಕರಿನಲ್ಲಿ ಕದ್ವಾಡದಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು. "ಎಂತ ಗಲಾಟೆ ಅದು? ಯಾರು ಮೀನು ಅಂದದ್ದು?"

ಮೀನು ಎಂದರೆ ಮುಂದಿನ ಮಳೆಗಾಲದ ಶೆಟ್ಲಿ ಹೋಯಿತು. ಕ್ಲಚ್ಚು ಎಂದರೆ ಬೊಮ್ಮಯ್ಯ ಹೋದ, ಅವನನ್ನು ಬಿಟ್ಟರೆ ಆ ಕಾರನ್ನು ಮುಟ್ಟುವವರು ಈ ಸೀಮೆಯಲ್ಲಿಲ್ಲ. ಬೊಮ್ಮಯ್ಯ ನನ್ನನ್ನೇ ನೋಡುತ್ತಿದ್ದ. ಸುಲಕ್ಷಾ ನನ್ನನ್ನೇ ನೋಡುತ್ತಿದ್ದಳು. ಗಣಪಣ್ಣ ಬೇಲಿಗೆ ಎರಡೂ ಕೈ ಊರಿ ನಿಂತಿದ್ದರು.

"ಮೀನೂ ಅಲ್ಲ, ಕ್ಲಚ್ಚೂ ಅಲ್ಲ," ಎಂದೆ, ಫೋನಿಗೂ ಕೇಳುವ ಹಾಗೆ. "ಅದು ನನ್ನ ವಾಸನೆ."

ಬೊಮ್ಮಯ್ಯ ಹತ್ತಿರ ಬಂದು, ನನ್ನ ಹೆಗಲ ಬಳಿ ಮೂಗು ತಂದು, ತಜ್ಞರ ಗಾಂಭೀರ್ಯದಿಂದ ಮೂಸಿ ನೋಡಿದ.

"ಹಂಗಾರೆ ಅದಕ್ಕೆ ಹುಬ್ಬಳ್ಳಿಯಲ್ಲೂ ಪಾರ್ಟ್ ಸಿಗೂದಿಲ್ಲ ಮಾಸ್ತರೆ," ಎಂದು ಜೀಪು ಹತ್ತಿದ.

"ಇದ್ರೂ ಇರಬಹುದು," ಎಂದಿತು ಫೋನು. "ನನಗೆ ಮದುವೆ ದಿವಸವೇ ಅನಿಸಿತ್ತು."

ಅಂದು ರಾತ್ರಿ ಊಟಕ್ಕೆ ಬಿಸಿ ಗಂಜಿ, ಶೆಟ್ಲಿ ಚಟ್ನಿ. ಆದರೆ ಬಡಿಸುವ ಮೊದಲು ಸುಲಕ್ಷಾ ನನ್ನ ಕೈಗೆ ಸೋಪು ಕೊಟ್ಟು ಬಚ್ಚಲಿಗೆ ಕಳಿಸಿದಳು.